ಪುಟ ಉಳಿಸಿದರೆ ಸಾಲದು, ಮೊಳೆಯನ್ನೂ ಉಳಿಸಿ!

(ಕನ್ನಡ ಯುವಕ ಯುವತಿಯರ ಅಧ್ಯಯನ ಶಿಬಿರವೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ವೇದಿಕೆ ಹತ್ತಿ ಮಾತಾಡುವುದು ನನ್ನ ಕಸುಬಲ್ಲ. ನಿಮ್ಮ ಕೈಯಲ್ಲಿರುವ ಕರಪತ್ರ, ಬಾಗಿಲಲ್ಲಿ ಹರಿದುಕೊಟ್ಟ ರಸೀದಿ, ನನ್ನ ಬೆನ್ನ ಹಿಂದೆ ಕಟ್ಟಿರುವ ಬ್ಯಾನರು, ಇವು ನನ್ನ ಕಸುಬು. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದವನು ಇವತ್ತಿಗೂ ಅಲ್ಲೇ ಇದ್ದೇನೆ. ಚಿಕ್ಕವನಿದ್ದಾಗ ಸೀಸದ ಮೊಳೆ ಜೋಡಿಸಿದ್ದೇನೆ, ಟ್ರೆಡಲ್ ತುಳಿದಿದ್ದೇನೆ. ಆಮೇಲೆ ಡಿಟಿಪಿ ಬಂತು, ಆಫ್‌ಸೆಟ್ ಬಂತು. ಈಗ ಗಿರಾಕಿ ವಾಟ್ಸಾಪಿನಲ್ಲಿ ಮ್ಯಾಟರ್ ಕಳಿಸುತ್ತಾನೆ, ನಾನು ಅಚ್ಚು ಹಾಕುತ್ತೇನೆ.

ಸಂಘಟಕರು ನನ್ನನ್ನು "ಕಂಪ್ಯೂಟರಿನಲ್ಲಿ ಕನ್ನಡ" ಎಂಬ ವಿಷಯ ಕುರಿತು ಮಾತಾಡಿ ಎಂದರು. ಅಷ್ಟು ದೊಡ್ಡ ವಿಷಯ ಬಲ್ಲವರು ಬೇರೆ ಇದ್ದಾರೆ. ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಅಂತರಜಾಲದಲ್ಲಿ ನಿಮಗೆ ಒಂದು ಒಳ್ಳೆಯ ಕನ್ನಡ ಪುಟ ಸಿಕ್ಕಿತು ಎನ್ನಿ. ಅದನ್ನು ನೀವು ಹೇಗೆ ಉಳಿಸಿಕೊಳ್ಳುತ್ತೀರಿ?

ಕೆಲವರು ಸ್ಕ್ರೀನ್‌ಶಾಟ್ ಎನ್ನುತ್ತೀರಿ. ಕೆಲವರು ಲಿಂಕನ್ನು ನಿಮಗೆ ನೀವೇ ಕಳಿಸಿಕೊಳ್ಳುತ್ತೀರಿ. ಹೆಚ್ಚಿನವರು "ಉಳಿಸುವುದು ಏಕೆ? ಬೇಕಾದಾಗ ಹುಡುಕಿದರಾಯಿತು" ಎನ್ನುತ್ತೀರಿ. ಈ ಮೂರನೆಯ ಉತ್ತರವೇ ನನ್ನ ನಿದ್ದೆ ಕೆಡಿಸಿರುವುದು!

ಹುಡುಕಿದರೆ ಸಿಗುತ್ತದೆಯೇ?

ನಿಮ್ಮ ಅಣ್ಣಂದಿರನ್ನು, ಅಕ್ಕಂದಿರನ್ನು ಕೇಳಿ. ಒಂದು ಕಾಲಕ್ಕೆ ಬೆಂಗಳೂರಿನ ಕನ್ನಡ ಹುಡುಗರೆಲ್ಲ ಆರ್ಕುಟ್‌ನಲ್ಲಿ ಇದ್ದರು. ಕನ್ನಡದ ಹೆಸರಿನಲ್ಲಿ ಕೂಟ ಕಟ್ಟಿಕೊಂಡು ರಾತ್ರಿಯಿಡೀ ವಾದ ಮಾಡಿದರು, ಕವಿತೆ ಬರೆದರು, ಜಗಳವಾಡಿದರು. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಬಾಗಿಲು ಹಾಕಿತು. ಕೂಟಗಳ ಹಳೆಯ ಮಾತುಗಳನ್ನು ಕೆಲಕಾಲ ಓದಲು ಬಿಟ್ಟಿದ್ದರು, ಆಮೇಲೆ ಅದೂ ಹೋಯಿತು. ಅದಕ್ಕೂ ಮೊದಲು ಜಿಯೋಸಿಟೀಸ್ ಎಂಬ ಕಡೆ ಜಗತ್ತಿನ ಲಕ್ಷಾಂತರ ಜನ ಪುಕ್ಕಟೆಯಾಗಿ ಸ್ವಂತ ಪುಟ ಕಟ್ಟಿಕೊಂಡಿದ್ದರು. 2009ರ ಅಕ್ಟೋಬರ್‌ನಲ್ಲಿ ಯಾಹೂ ಅದನ್ನು ಮುಚ್ಚಿತು. ಕೆಲವು ಸ್ವಯಂಸೇವಕರು ಹಗಲು ರಾತ್ರಿ ಕೂತು ನಕಲು ಮಾಡಿಕೊಂಡಷ್ಟು ಉಳಿಯಿತು.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಒಂದು ಲೆಕ್ಕ ಕೊಟ್ಟಿತು. 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷದ ನಂತರ ಸಿಗುವುದಿಲ್ಲ. ನೂರಕ್ಕೆ ಮೂವತ್ತೆಂಟು! ನಾನು 1995ರಲ್ಲಿ ಅಚ್ಚು ಹಾಕಿದ ಮದುವೆ ಕರೆಯೋಲೆ ಇವತ್ತಿಗೂ ಯಾರದೋ ಮನೆಯ ಟ್ರಂಕಿನಲ್ಲಿ ಇದೆ. ಆದರೆ 2013ರಲ್ಲಿ ಜಗತ್ತೇ ಓದಿದ ಪುಟ ಇಲ್ಲ. ಲಿಂಕು ಇಟ್ಟುಕೊಂಡರೆ ವಿಳಾಸ ಇಟ್ಟುಕೊಂಡಂತೆ. ಮನೆಯೇ ಉರುಳಿದ ಮೇಲೆ ಬರೀ ವಿಳಾಸದಿಂದ ಏನು ಪ್ರಯೋಜನ?

ನನ್ನ ಕೈಯಾರೆ ಆದ ತಪ್ಪು

ಈಗ ನನ್ನ ತಪ್ಪನ್ನೇ ನಿಮ್ಮ ಮುಂದೆ ಇಡುತ್ತೇನೆ. ಅದಕ್ಕಾಗಿಯೇ ನಾನು ಇಲ್ಲಿಗೆ ಬಂದದ್ದು.

ನಮ್ಮ ಪ್ರೆಸ್ಸಿಗೆ ಒಬ್ಬರು ನಿವೃತ್ತ ಮೇಷ್ಟ್ರು ಬರುತ್ತಿದ್ದರು. ಹಳ್ಳಿಯ ಕಸುಬುಗಳ ಮಾತು ಸಂಗ್ರಹಿಸುವ ಹುಚ್ಚು ಅವರಿಗೆ. ಗಾಡಿಗೆ ಎಷ್ಟು ಭಾಗ, ಪ್ರತಿ ಭಾಗಕ್ಕೆ ಏನು ಹೆಸರು. ನೊಗ, ಮೂಕಿ, ಕಡಾಣಿ ಎಂದು ಒಂದೊಂದೇ ಬರೆಯುವವರು. ಮಗ್ಗ, ಗಾಣ, ಕುಂಬಾರನ ತಿಗರಿ, ಯಾವುದನ್ನೂ ಬಿಟ್ಟವರಲ್ಲ. ಪುಸ್ತಕ ಮಾಡಿಸಲು ಕೈಯಲ್ಲಿ ಕಾಸಿಲ್ಲ. ಯಾರೋ ಶಿಷ್ಯ ಒಂದು ಜಾಲತಾಣ ಮಾಡಿಕೊಟ್ಟ. 2003ರಿಂದ 2008ರವರೆಗೆ ಮೇಷ್ಟ್ರು ಅಲ್ಲಿ 64 ಲೇಖನ ಹಾಕಿದರು.

2011ರಲ್ಲಿ ಅವರ ಹಳೆಯ ಕಂಪ್ಯೂಟರ್ ಕೆಟ್ಟು ಕೂತಿತು. ಅದನ್ನು ಹೊತ್ತುಕೊಂಡು ನನ್ನ ಹತ್ತಿರ ಬಂದರು. "ಏನಯ್ಯಾ, ಇದರೊಳಗೆ ನನ್ನ ಪುಟಗಳೆಲ್ಲ ಉಳಿಸಿಟ್ಟಿದೀನಿ. ಒಂದು ಪೆನ್‌ಡ್ರೈವಿಗೆ ಹಾಕಿಕೊಡು" ಎಂದರು. ಹಾರ್ಡ್‌ಡಿಸ್ಕ್ ಬಿಚ್ಚಿ ನೋಡಿದೆ. 64 ಫೈಲು ಇದ್ದವು. ಪ್ರತಿ ಫೈಲಿನ ಪಕ್ಕ ಅದೇ ಹೆಸರಿನ ಒಂದು ಫೋಲ್ಡರು, ಅದರೊಳಗೆ ಹತ್ತಾರು ಚಿಲ್ಲರೆ ಚೂರುಗಳು. ಪೆನ್‌ಡ್ರೈವ್ ಚಿಕ್ಕದು, ಅದರಲ್ಲಿ ಆಗಲೇ ಮೊಮ್ಮಗನ ಫೋಟೋ ತುಂಬಿದ್ದವು. ಮದುವೆ ಸೀಸನ್ನು, ಬಾಗಿಲಲ್ಲಿ ಗಿರಾಕಿಗಳು. "ಈ ಕಸ ಯಾಕೆ ಸಾರ್, ಲೇಖನ ಇದ್ರೆ ಸಾಕಲ್ಲ" ಎಂದೆ. ಮೇಷ್ಟ್ರು "ನೀನು ತಿಳಿದವನು, ನಿನಗೆ ಬಿಟ್ಟದ್ದು" ಎಂದರು. 64 ಫೈಲು ಮಾತ್ರ ನಕಲು ಮಾಡಿಕೊಟ್ಟೆ. ಹಾರ್ಡ್‌ಡಿಸ್ಕ್ ಗುಜರಿಗೆ ಹೋಯಿತು. ಜಾಲತಾಣಕ್ಕೆ ವರ್ಷದ ಬಾಡಿಗೆ ಕಟ್ಟುತ್ತಿದ್ದ ಶಿಷ್ಯ ಕೆಲಸ ಹುಡುಕಿಕೊಂಡು ಎಲ್ಲಿಗೋ ಹೋದ. ಬಾಡಿಗೆ ನಿಂತಿತು, ತಾಣವೂ ನಿಂತಿತು.

ಮೇಷ್ಟ್ರು ತೀರಿಕೊಂಡರು. ಅವರ ಮಗಳು ಆ ಪೆನ್‌ಡ್ರೈವ್ ಹಿಡಿದು ಬಂದರು. "ಅಣ್ಣಾ, ಅಪ್ಪನ ವರ್ಷದ ಹೊತ್ತಿಗೆ ಒಂದು ಪುಸ್ತಕ ಆಗಬೇಕು. ಎಲ್ಲ ಇದರಲ್ಲಿದೆ, ನೀವೇ ಹಾಕಿಕೊಟ್ಟದ್ದಂತೆ" ಎಂದರು.

ತೆರೆದೆ. ಪರದೆಯ ಮೇಲೆ ಒಂದು ಕನ್ನಡ ಅಕ್ಷರ ಇರಲಿಲ್ಲ! ಎಲ್ಲ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೆರೆ ಬಿದ್ದ ಅಕ್ಷರ, ಪೌಂಡ್ ಹಣದ ಗುರುತು. ಚಿತ್ರ ಇರಬೇಕಾದ ಜಾಗದಲ್ಲಿ ಮುರಿದ ಚೌಕ. ಆ ಹೆಣ್ಣುಮಗಳು ನನ್ನ ಮುಖ ನೋಡಿದರು. ನಾನು ಪರದೆಯನ್ನೇ ನೋಡುತ್ತಾ ಕೂತೆ.

ಜಾಲಪುಟ ಎಂಬುದು ಒಂದು ಹಾಳೆಯಲ್ಲ

ಆವತ್ತು ನನಗೆ ಅರ್ಥವಾಗದಿದ್ದದ್ದು, ನಿಮಗೆ ಇವತ್ತು ಅರ್ಥವಾಗಬೇಕಾದದ್ದು ಇಷ್ಟೇ. ಜಾಲಪುಟ ಎಂಬುದು ಅಚ್ಚಾದ ಹಾಳೆಯಲ್ಲ. ಅದು ಅಚ್ಚಿಗೆ ಹೋಗುವ ಮೊದಲು ಚೌಕಟ್ಟಿನಲ್ಲಿ ಬಿಗಿದಿಟ್ಟ ಫಾರಂ ಇದ್ದಂತೆ. ಅದರಲ್ಲಿ ಮೊಳೆ ಬೇರೆ, ಬ್ಲಾಕು ಬೇರೆ, ಸಾಲಿನ ನಡುವಿನ ಲೆಡ್ಡು ಬೇರೆ. ಪುಟದಲ್ಲೂ ಹಾಗೆಯೇ. ಎಚ್‌ಟಿಎಂಎಲ್ ಫೈಲಿನಲ್ಲಿ ಬರಹ ಇರುತ್ತದೆ. ಚಿತ್ರಗಳು ಬೇರೆ ಫೈಲು. ಬಣ್ಣ, ಅಂಕಣ, ಅಕ್ಷರದ ಗಾತ್ರ ಹೇಳುವ ಸಿಎಸ್‌ಎಸ್ ಬೇರೆ ಫೈಲು. ಒತ್ತಿದರೆ ತೆರೆಯುವ, ಸರಿದಾಡುವ ಆಟಗಳನ್ನು ಆಡಿಸುವ ಜಾವಾಸ್ಕ್ರಿಪ್ಟ್ ಬೇರೆ. ಕೆಲವು ಕಡೆ ಅಕ್ಷರರೂಪ, ಅಂದರೆ ಫಾಂಟು, ಅದೂ ಬೇರೆ. ಇವೆಲ್ಲ ಬೇರೆ ಬೇರೆ ಊರಿನ ಕಂಪ್ಯೂಟರುಗಳಿಂದ ಬಂದು ನಿಮ್ಮ ಪರದೆಯ ಮೇಲೆ ಒಂದಾಗಿ ಕಾಣುತ್ತವೆ. ಉಳಿಸುವುದೆಂದರೆ ಇವೆಲ್ಲವನ್ನೂ ಒಟ್ಟಿಗೆ ಉಳಿಸುವುದು. ಹೇಗೆ ಒಟ್ಟಿಗೆ ಕಟ್ಟಿಡುವುದು ಎಂಬುದಕ್ಕೆ ಹಲವು ಬಗೆಗಳಿವೆ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಬ್ರೌಸರಿನಲ್ಲಿ ಕಂಟ್ರೋಲ್ ಎಸ್ ಒತ್ತಿದರೆ ಬರುವ "ವೆಬ್‌ಪೇಜ್, ಕಂಪ್ಲೀಟ್". ಒಂದು ಎಚ್‌ಟಿಎಂಎಲ್ ಫೈಲು, ಪಕ್ಕದಲ್ಲಿ ಅದರ ಫೋಲ್ಡರು. ಬರಹ ಫೈಲಿನಲ್ಲಿ, ಉಳಿದದ್ದೆಲ್ಲ ಫೋಲ್ಡರಿನಲ್ಲಿ. ಎರಡೂ ಜೊತೆಗಿದ್ದರೆ ಸರಿ. ಒಂದನ್ನು ಬಿಟ್ಟು ಒಂದನ್ನು ಕಳಿಸಿದರೆ ಅನಾಥ. ವಿಂಡೋಸ್ ಈ ಎರಡನ್ನೂ ಗಂಟುಹಾಕಿ ಇಟ್ಟಿರುತ್ತದೆ, ಒಂದನ್ನು ಅಳಿಸಿದರೆ ಇನ್ನೊಂದೂ ಅಳಿಯುತ್ತದೆ. ಆದರೆ ವಾಟ್ಸಾಪಿನಲ್ಲೋ ಮೇಲ್‌ನಲ್ಲೋ ಕಳಿಸುವಾಗ ಆ ಗಂಟು ಬಿಚ್ಚಿಹೋಗುತ್ತದೆ. ನಾನು ಕಸವೆಂದು ಬಿಟ್ಟದ್ದು ಈ ಫೋಲ್ಡರುಗಳನ್ನೇ!

ಎರಡನೆಯದು ಎಂಎಚ್‌ಟಿಎಂಎಲ್. ಚಿತ್ರಗಳನ್ನು ಲಗತ್ತಿಸಿದ ಇ-ಮೇಲ್ ಒಂದೇ ಕಾಗದವಾಗಿ ಬರುತ್ತದಲ್ಲ, ಅದೇ ಉಪಾಯ. ಪುಟದ ಎಲ್ಲ ಭಾಗಗಳನ್ನೂ ಒಂದರ ಕೆಳಗೊಂದು ಒಂದೇ ಫೈಲಿನಲ್ಲಿ ಹೊಲಿಯುತ್ತಾರೆ, ಪ್ರತಿ ಭಾಗದ ತಲೆಯ ಮೇಲೆ ಅದು ಯಾವ ವಿಳಾಸದಿಂದ ಬಂತು ಎಂದು ಬರೆಯುತ್ತಾರೆ. 1999ರಲ್ಲಿ ಇದಕ್ಕೆ ಆರ್‌ಎಫ್‌ಸಿ 2557 ಎಂಬ ನಿಯಮ ಬಂತು. ಅದೇ ವರ್ಷದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಹೀಗೆ ಉಳಿಸಬಹುದಿತ್ತು. ಇವತ್ತು ಕ್ರೋಮ್‌ನಲ್ಲಿ "ವೆಬ್‌ಪೇಜ್, ಸಿಂಗಲ್ ಫೈಲ್" ಎಂದು ಆರಿಸಿದರೆ ಸಿಗುವುದು ಇದೇ. ನಿಮ್ಮ ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಡೌನ್‌ಲೋಡ್ ಗುರುತು ಒತ್ತಿದರೆ ಉಳಿಯುವುದೂ ಇದೇ. ಒಂದೇ ಫೈಲು, ಕಳೆದುಹೋಗುವ ಭಯ ಕಡಿಮೆ.

ಆದರೆ ಕನ್ನಡಿಗರು ಇಲ್ಲಿ ಒಂದು ಮಾತು ಗಮನಿಸಬೇಕು. ಕ್ರೋಮ್ ಉಳಿಸಿದ ಈ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಇಂಗ್ಲಿಷ್ ಬರಹ ಇದ್ದ ಹಾಗೇ ಓದಲು ಸಿಗುತ್ತದೆ. ಕನ್ನಡ ಮಾತ್ರ ಸಮಚಿಹ್ನೆ, ಅಕ್ಷರ, ಅಂಕಿಗಳ ಸರಮಾಲೆ! ಏಕೆಂದರೆ ಇ-ಮೇಲಿನ ಹಳೆಯ ನಿಯಮ ಇಂಗ್ಲಿಷ್ ಅಕ್ಷರಕ್ಕೆ ಹೊಲಿದ ಅಂಗಿ. ಕನ್ನಡದ ಒಂದು "ಕ" ಬರೆಯಲು ಅದರಲ್ಲಿ ಒಂಬತ್ತು ಗುರುತು ಬೇಕು. ಬ್ರೌಸರಿನಲ್ಲಿ ತೆರೆದರೆ ಕನ್ನಡ ಸರಿಯಾಗಿಯೇ ಕಾಣುತ್ತದೆ, ಹೆದರಬೇಡಿ. ಆದರೆ ನೂರು ಫೈಲಿನ ನಡುವೆ "ಗಾಣ" ಎಂಬ ಪದ ಎಲ್ಲಿದೆ ಎಂದು ಸಾಧಾರಣ ರೀತಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಇನ್ನೊಂದು ತೊಡಕೂ ಇದೆ. ಕ್ರೋಮ್, ಎಡ್ಜ್ ಇದನ್ನು ತೆರೆಯುತ್ತವೆ, ಫೈರ್‌ಫಾಕ್ಸ್ ತಾನಾಗಿ ತೆರೆಯುವುದಿಲ್ಲ.

ಮೂರನೆಯದು ಆಪಲ್ ಕಂಪ್ಯೂಟರಿನ ಸಫಾರಿ ಉಳಿಸುವ ವೆಬ್‌ಆರ್ಕೈವ್. ಒಂದೇ ಫೈಲು, ಚೊಕ್ಕ ಕೆಲಸ. ಆದರೆ ಅದು ಆಪಲ್ ಮನೆಯ ಮಾತು. ಮೇಷ್ಟ್ರ ಮಗಳ ಹಳೆಯ ವಿಂಡೋಸ್ ಕಂಪ್ಯೂಟರಿಗೆ ಕಳಿಸಿದರೆ ಅವರಿಗೆ ತೆರೆಯಲು ಬಾರದು.

ನಾಲ್ಕನೆಯದರ ಕತೆ ಕೇಳಿ. ಫೈರ್‌ಫಾಕ್ಸ್ ಬಳಸುವವರಿಗಾಗಿ ಎಂಎಎಫ್‌ಎಫ್ ಎಂಬ ಒಂದು ಬಗೆ ಇತ್ತು. ಆಡ್‌ಆನ್ ಹಾಕಿಕೊಂಡರೆ ಪುಟವನ್ನು ಹೀಗೆ ಉಳಿಸಬಹುದಿತ್ತು. 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 57 ಬಂತು, ಹಳೆಯ ಬಗೆಯ ಆಡ್‌ಆನ್‌ಗಳೆಲ್ಲ ನಿಂತುಹೋದವು. ಉಳಿಸಿಟ್ಟವರ ಗತಿ? ಅದೃಷ್ಟಕ್ಕೆ ಆ ಫೈಲು ಒಳಗಿನಿಂದ ಬರೀ ಜಿಪ್ ಕಟ್ಟು. ಹೆಸರಿನ ಕೊನೆ ಬದಲಿಸಿ ಜಿಪ್ ಎಂದು ಬರೆದರೆ ಬಿಚ್ಚಿಕೊಳ್ಳುತ್ತದೆ, ಒಳಗಿನ ಪುಟ ಸಿಗುತ್ತದೆ. ಇದರಿಂದ ಕಲಿಯಬೇಕಾದ ಪಾಠ ಒಂದಿದೆ. ಉಳಿಸಿದ ತಂತ್ರಾಂಶ ಸತ್ತ ಮೇಲೂ ಬೇರೆ ಸಾಧಾರಣ ಸಾಧನದಿಂದ ತೆರೆಯಲು ಬರುವ ಬಗೆಯನ್ನೇ ಆರಿಸಿಕೊಳ್ಳಿ.

ಆ ಲೆಕ್ಕದಲ್ಲಿ ನನಗೆ ಒಪ್ಪಿಗೆಯಾದದ್ದು ಐದನೆಯದು. ಸಿಂಗಲ್‌ಫೈಲ್ ಎಂಬ ಉಚಿತ ಆಡ್‌ಆನ್ ಇದೆ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಎಲ್ಲಕ್ಕೂ ಸಿಗುತ್ತದೆ. ಅದು ಪುಟದ ಚಿತ್ರ, ಸಿಎಸ್‌ಎಸ್, ಬಳಕೆಯಾದ ಫಾಂಟು ಎಲ್ಲವನ್ನೂ ಅಕ್ಷರದ ಸಾಲುಗಳಾಗಿ ಬದಲಿಸಿ ಎಚ್‌ಟಿಎಂಎಲ್ ಫೈಲಿನ ಹೊಟ್ಟೆಯೊಳಗೇ ತುಂಬುತ್ತದೆ. ಹಾಗೆ ಬದಲಿಸುವಾಗ ಚಿತ್ರದ ತೂಕ ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ, ಇವತ್ತಿನ ಕಾಲಕ್ಕೆ ಅದೇನೂ ದೊಡ್ಡದಲ್ಲ. ಸಿಗುವುದು ಮಾಮೂಲಿ ಎಚ್‌ಟಿಎಂಎಲ್ ಫೈಲು, ಯಾವ ಬ್ರೌಸರಿನಲ್ಲೂ ತೆರೆಯುತ್ತದೆ. ಯೂನಿಕೋಡ್ ಪುಟವಾದರೆ ನೋಟ್‌ಪ್ಯಾಡಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ. ಯಾವ ವಿಳಾಸದಿಂದ, ಯಾವ ದಿನ ಉಳಿಸಿದ್ದು ಎಂದು ಫೈಲಿನ ತಲೆಯಲ್ಲೇ ಬರೆದಿಡುತ್ತದೆ.

ಪಿಡಿಎಫ್ ಸಾಲದೇ?

"ಇಷ್ಟೆಲ್ಲ ಯಾಕಣ್ಣ, ಪಿಡಿಎಫ್ ಮಾಡಿದರೆ ಮುಗೀತಲ್ಲ" ಎಂದು ಒಬ್ಬ ತಮ್ಮ ಆಗಲೇ ಕೇಳಿದ. ಪಿಡಿಎಫ್ ನನ್ನ ಅನ್ನ ಕಣಪ್ಪ, ಅದನ್ನು ನಾನು ಹಳಿಯಲಾರೆ. 1993ರಲ್ಲಿ ಅಡೋಬಿ ಕಂಪನಿ ಹೊರತಂದದ್ದು 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ದೀರ್ಘಕಾಲ ಕಾಪಿಡಲೆಂದೇ 2005ರಲ್ಲಿ ಪಿಡಿಎಫ್/ಎ ಎಂಬ ಬಗೆ ಮಾಡಿದರು. ಅದರಲ್ಲಿ ಫಾಂಟನ್ನು ಒಳಗೇ ಇಡುವುದು ಕಡ್ಡಾಯ. ನೋಡಲು, ತೋರಿಸಲು, ಅಚ್ಚು ಹಾಕಲು ಪಿಡಿಎಫ್‌ನಷ್ಟು ಒಳ್ಳೆಯದು ಇಲ್ಲ.

ಆದರೆ ಅದು ಅಚ್ಚಾದ ಹಾಳೆ. ಮೊಳೆ ಕೈಗೆ ಸಿಗುವುದಿಲ್ಲ. ಕನ್ನಡ ಪಿಡಿಎಫ್‌ನಿಂದ ನಾಲ್ಕು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಎಷ್ಟೋ ಸಲ ಒತ್ತಕ್ಷರ ಒಂದು ಕಡೆ, ಗುಣಿತ ಒಂದು ಕಡೆ ಚೆಲ್ಲಾಪಿಲ್ಲಿ. ಇಂಗ್ಲಿಷಿನಲ್ಲಿ ಒಂದರ ಪಕ್ಕ ಒಂದು ಅಕ್ಷರ ಕೂರುತ್ತದೆ, ನಮ್ಮಲ್ಲಿ ಒಂದರ ಕೆಳಗೊಂದು, ಒಂದರ ಮೇಲೊಂದು. ಪಿಡಿಎಫ್ ಆಕಾರವನ್ನು ನೆನಪಿಡುತ್ತದೆ, ಅಕ್ಷರ ಯಾವುದೆಂಬುದನ್ನು ಎಷ್ಟೋ ಸಲ ಮರೆತಿರುತ್ತದೆ. ಆದ್ದರಿಂದ ಪಿಡಿಎಫ್ ಜೊತೆಗೆ ಇರಲಿ, ಅದೊಂದೇ ಇರಬಾರದು. ಸ್ಕ್ರೀನ್‌ಶಾಟಂತೂ ಬರೀ ಚಿತ್ರ. ಅದರೊಳಗಿನ ಪದ ಹುಡುಕಲು ಬಾರದು, ಲಿಂಕು ಒತ್ತಲು ಬಾರದು.

ಇಡೀ ತಾಣವನ್ನೇ ಉಳಿಸಬೇಕೆಂದರೆ? 1998ರಿಂದ ಇರುವ ಎಚ್‌ಟಿಟ್ರ್ಯಾಕ್ ಎಂಬ ತಂತ್ರಾಂಶ ಸರಳ ತಾಣಗಳನ್ನು ಪೂರ್ತಿ ಇಳಿಸಿಕೊಡುತ್ತದೆ. ಗ್ರಂಥಾಲಯಗಳು, ದಾಖಲೆ ಕಾಯುವ ಸಂಸ್ಥೆಗಳು ಬಳಸುವುದು ವಾರ್ಕ್ ಎಂಬ ಬಗೆ. ಇದು 2009ರಲ್ಲಿ ಐಎಸ್‌ಒ 28500 ಎಂಬ ಮಾನಕವಾಯಿತು. ಪುಟವನ್ನಷ್ಟೇ ಅಲ್ಲ, ನಿಮ್ಮ ಕಂಪ್ಯೂಟರು ಏನು ಕೇಳಿತು, ಆ ಕಡೆಯಿಂದ ಏನು ಉತ್ತರ ಬಂತು, ಯಾವ ದಿನ ಯಾವ ಗಳಿಗೆಯಲ್ಲಿ ಬಂತು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಿಡುತ್ತದೆ. ಅದನ್ನು ಸೂಚಿಯೊಡನೆ ಜಿಪ್ ಕಟ್ಟಿದರೆ ವಾಕ್ಜ್ ಎಂಬ ಫೈಲಾಗುತ್ತದೆ. ವೆಬ್‌ರೆಕಾರ್ಡರ್ ತಂಡದವರ ಉಚಿತ ಆಡ್‌ಆನ್‌ನಿಂದ ನೀವೂ ಇದನ್ನು ಮಾಡಬಹುದು. ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿದ್ದು, ಅದನ್ನು ಪೂರ್ತಿಯಾಗಿ ಜಿಮ್ ಎಂಬ ಒಂದೇ ಫೈಲಾಗಿ ಇಳಿಸಿಕೊಂಡು ಕಿವಿಕ್ಸ್ ತಂತ್ರಾಂಶದಲ್ಲಿ ಇಂಟರ್ನೆಟ್ ಇಲ್ಲದೆ ಓದಬಹುದು. ನಿಮ್ಮ ಊರಿನ ಶಾಲೆಗೆ ಒಂದು ಪೆನ್‌ಡ್ರೈವಿನಲ್ಲಿ ಅದನ್ನು ಕೊಡಿ, ಅದು ಯಾವ ಘೋಷಣೆಗೂ ಕಡಿಮೆಯಲ್ಲ.

ನಮಗೇ ಇರುವ ವಿಶೇಷ ಸಂಕಟ

ಮತ್ತೆ ಮೇಷ್ಟ್ರ ಫೈಲಿಗೆ ಬರುತ್ತೇನೆ. ಅಲ್ಲಿ ಕನ್ನಡ ಏಕೆ ಕಾಣಲಿಲ್ಲ?

1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಅದು ನಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೆ ಬರಲು 2001ರ ವಿಂಡೋಸ್ ಎಕ್ಸ್‌ಪಿ ತನಕ ಕಾಯಬೇಕಾಯಿತು, ಬಂದ ಮೇಲೂ ಜನ ಬಳಸಲು ಹಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ನಾವು ಮಾಡಿದ್ದೇನು? ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದೆವು. ಡಿಟಿಪಿ ಮಾಡಿದವರಿಗೆಲ್ಲ ಇದು ಗೊತ್ತು. ನುಡಿ, ಬರಹದ ಹಳೆಯ ಫಾಂಟಿನಲ್ಲಿ "ಕನ್ನಡ" ಎಂದು ಟೈಪು ಮಾಡಿ ಫಾಂಟು ತೆಗೆದುಬಿಡಿ. ಪಿ ಅಕ್ಷರ, ಗೆರೆ ಬಿದ್ದ ಎ, ಪೌಂಡ್ ಗುರುತು ಕಾಣುತ್ತವೆ. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಾಗೆಗುಬ್ಬಿ. ಇಂಗ್ಲಿಷ್ ಪುಟದ ಫಾಂಟು ಕಳೆದರೆ ಅಂದ ಹೋಗುತ್ತದೆ. ನಮ್ಮ ಹಳೆಯ ಪುಟದ ಫಾಂಟು ಕಳೆದರೆ ಭಾಷೆಯೇ ಹೋಗುತ್ತದೆ!

ಆಗಿನ ಕೆಲವು ಕನ್ನಡ ತಾಣಗಳು ಪುಟದ ಜೊತೆಗೇ ಫಾಂಟು ಇಳಿಯುವಂತೆ ಮಾಡಿದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರಿಗೆಂದು ಇದ್ದ ಇಒಟಿ ಎಂಬ ಆ ಫಾಂಟನ್ನು ಇಂಥ ತಾಣದಲ್ಲಿ ಮಾತ್ರ ಕೆಲಸ ಮಾಡು ಎಂದು ಬೀಗ ಹಾಕಬಹುದಿತ್ತು. ಹಾಗೆ ಬೀಗ ಹಾಕಿದ ಪುಟವನ್ನು ಮನೆಗೆ ತಂದರೆ ಅಕ್ಷರ ಮೂಡದು. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರನ್ನೇ ನಿವೃತ್ತಿಗೊಳಿಸಿತು. ಕ್ರೋಮ್, ಫೈರ್‌ಫಾಕ್ಸ್ ಆ ಫಾಂಟನ್ನು ಓದುವುದಿಲ್ಲ. ಅಂಥ ಹಳೆಯ ಕನ್ನಡ ಪುಟ ನಿಮ್ಮ ಬಳಿ ಇದ್ದರೆ ದಯವಿಟ್ಟು ಕಸವೆಂದು ಎಸೆಯಬೇಡಿ. ಕಾಗೆಗುಬ್ಬಿಯ ಒಳಗೆ ಕನ್ನಡ ಇದೆ! ಯಾವ ಫಾಂಟು ಎಂದು ಗೊತ್ತಾದರೆ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಫಾಂಟಿನ ಹೆಸರು ಸಾಮಾನ್ಯವಾಗಿ ಆ ಎಚ್‌ಟಿಎಂಎಲ್ ಫೈಲಿನೊಳಗೇ ಬರೆದಿರುತ್ತದೆ.

ಮೇಷ್ಟ್ರ 64 ಲೇಖನದಲ್ಲಿ 47 ನನಗೆ ದಕ್ಕಿದ್ದು ಹೀಗೆ. ಒಂದೊಂದನ್ನೂ ಪರಿವರ್ತಿಸಿ, ತಪ್ಪಿದ ಒತ್ತಕ್ಷರ ತಿದ್ದಿ, ಮೂರು ವಾರ ರಾತ್ರಿ ಕೂತೆ. ಉಳಿದ 17ರಲ್ಲಿ ಬರಹ ಕಡಿಮೆ. ಅವು ಚಿತ್ರದ ಪುಟಗಳು. ಮೇಷ್ಟ್ರು ಮಗ್ಗದ, ಗಾಣದ ಚಿತ್ರ ಕೈಯಲ್ಲಿ ಬರೆದು, ಒಂದೊಂದು ಭಾಗಕ್ಕೂ ಬಾಣದ ಗುರುತು ಹಾಕಿ ಹೆಸರು ಬರೆದು, ಸ್ಕ್ಯಾನ್ ಮಾಡಿ ಹಾಕಿದ್ದರು. ಪದಗಳಿದ್ದದ್ದೇ ಆ ಚಿತ್ರಗಳಲ್ಲಿ. ಚಿತ್ರಗಳಿದ್ದದ್ದು ನಾನು ಬಿಟ್ಟ ಫೋಲ್ಡರಿನಲ್ಲಿ.

ಇನ್ನೊಂದು ದಾರಿ ಉಳಿದಿತ್ತು. ಎಕ್ಸ್‌ಪ್ಲೋರರ್ ಉಳಿಸಿದ ಫೈಲಿನ ಮೊದಲ ಸಾಲುಗಳಲ್ಲಿ ಪುಟದ ಮೂಲ ವಿಳಾಸ ಬರೆದಿರುತ್ತದೆ. ಆ ವಿಳಾಸ ಹಿಡಿದು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹೋದೆ. 1996ರಲ್ಲಿ ಬ್ರೂಸ್ಟರ್ ಕೇಲ್ ಎಂಬವರು ಅಮೆರಿಕದಲ್ಲಿ ಕಟ್ಟಿದ ಸಂಸ್ಥೆ ಅದು. ಹಳೆಯ ಪುಟಗಳನ್ನು 2001ರಿಂದ ಎಲ್ಲರಿಗೂ ಓದಲು ಬಿಟ್ಟಿದೆ. ಮೇಷ್ಟ್ರ ಎಷ್ಟೋ ಪುಟ ಅಲ್ಲಿ ಸಿಕ್ಕವು. ಚಿತ್ರ ಸಿಕ್ಕಿದ್ದು ನಾಲ್ಕು ಮಾತ್ರ. ಹದಿಮೂರು ಹೋದವು. ಗಾಣದ ಚಿತ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರಿದ್ದವು ಎಂದು ಮಗಳಿಗೆ ನೆನಪಿದೆ. ಹೆಸರುಗಳು ಯಾವುವು? ನೆನಪಿಲ್ಲ. ಹೇಳಿಕೊಟ್ಟ ಗಾಣಿಗರೂ ಇಲ್ಲ, ಬರೆದುಕೊಂಡ ಮೇಷ್ಟ್ರೂ ಇಲ್ಲ.

ಪುಸ್ತಕ ಅಚ್ಚಾಯಿತು. 51 ಲೇಖನ. ಕಾಗದದ ದುಡ್ಡು ಬಿಟ್ಟು ಏನೂ ತೆಗೆದುಕೊಳ್ಳಲಿಲ್ಲ. ತಪ್ಪು ನನ್ನದೆಂದು ಆ ಹೆಣ್ಣುಮಗಳಿಗೆ ಹೇಳಿದೆ. "ಹೋಗ್ಲಿ ಬಿಡಿ ಅಣ್ಣಾ, ಇಷ್ಟಾದ್ರೂ ಉಳೀತಲ್ಲ" ಎಂದರು. ಬೈದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ನೀವು ಮಾಡಬೇಕಾದದ್ದು

ಗೆಳೆಯರೇ, ಕೇಳಿ ಚಪ್ಪಾಳೆ ತಟ್ಟಿ ಹೋಗಬೇಡಿ. ಬರೆದುಕೊಳ್ಳಿ.

ಪುಟವನ್ನು ಕೊನೆಯವರೆಗೂ ಸರಿಸಿ ನೋಡಿ ಆಮೇಲೆ ಉಳಿಸಿ. ಇವತ್ತಿನ ತಾಣಗಳಲ್ಲಿ ನೀವು ಕೆಳಗೆ ಹೋಗುವ ತನಕ ಚಿತ್ರ ಇಳಿಯುವುದೇ ಇಲ್ಲ. ಓದಲು, ಹುಡುಕಲು ಒಂದೇ ಫೈಲಿನ ಎಚ್‌ಟಿಎಂಎಲ್. ತೋರಿಸಲು ಒಂದು ಪಿಡಿಎಫ್. ಮುಖ್ಯವಾದ ತಾಣವಾದರೆ ಒಂದು ವಾಕ್ಜ್. ಉಳಿಸಿದ ಮೇಲೆ ಪರೀಕ್ಷೆ ಮಾಡಿ. ವೈಫೈ ಆರಿಸಿ, ಮೊಬೈಲ್ ಡಾಟಾ ನಿಲ್ಲಿಸಿ, ಫೈಲು ತೆರೆಯಿರಿ. ಅಕ್ಷರ ಬಂತೇ? ಚಿತ್ರ ಬಂತೇ? ಬಂದರೆ ಉಳಿಯಿತು, ಇಲ್ಲದಿದ್ದರೆ ಉಳಿದಿಲ್ಲ. ನಾನು 2011ರಲ್ಲಿ ಈ ಒಂದು ನಿಮಿಷದ ಕೆಲಸ ಮಾಡಿದ್ದರೆ ಹದಿಮೂರು ಚಿತ್ರ ಇರುತ್ತಿದ್ದವು.

ಎರಡು ಕಡೆ ಇಡಿ. ವೇಬ್ಯಾಕ್‌ನಲ್ಲಿ "ಸೇವ್ ಪೇಜ್ ನೌ" ಇದೆ, ಅಲ್ಲಿಗೂ ಒಂದು ಪ್ರತಿ ಹಾಕಿ. ಆದರೆ ಅದನ್ನೇ ನಂಬಿ ಕೂರಬೇಡಿ. 2024ರ ಅಕ್ಟೋಬರ್‌ನಲ್ಲಿ ದುಷ್ಕರ್ಮಿಗಳ ದಾಳಿಗೆ ಸಿಕ್ಕಿ ಆ ಸಂಸ್ಥೆಯೇ ಹಲವು ದಿನ ಬಾಗಿಲು ಹಾಕಿತ್ತು.

ಕನ್ನಡದ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಯಾವುದೋ ಕಚೇರಿಯ ತಾಣದಲ್ಲಿ ಅರ್ಜಿ ನಮೂನೆ ಕನ್ನಡದಲ್ಲಿ ಇಲ್ಲವೆಂದು ನೀವು ಮನವಿ ಕೊಡುತ್ತೀರಿ. ವಿಚಾರಣೆಯ ದಿನಕ್ಕೆ ಪುಟ ಬದಲಾಗಿರಬಹುದು. ಸ್ಕ್ರೀನ್‌ಶಾಟ್ ತೋರಿಸಿದರೆ "ಯಾರು ಬೇಕಾದರೂ ತಿದ್ದಬಹುದು" ಎನ್ನುತ್ತಾರೆ, ಆ ಮಾತು ಸುಳ್ಳೂ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಬದಲಾಗುತ್ತದೆ. ಆದ್ದರಿಂದ ಪುಟ ಉಳಿಸಿದ ದಿನವೇ ವಿಳಾಸ, ದಿನಾಂಕ, ಹೊತ್ತು, ಹ್ಯಾಶ್ ಬರೆದಿಡಿ. ಮುಂದಿನದನ್ನು ವಕೀಲರು ನೋಡಿಕೊಳ್ಳಲಿ.

ಎಚ್ಚರವನ್ನೂ ಹೇಳಿಬಿಡುತ್ತೇನೆ. ಲಾಗಿನ್ ಆಗಿ ಉಳಿಸಿದ ಪುಟದೊಳಗೆ ನಿಮ್ಮ ಹೆಸರು, ಮೇಲ್, ಕೆಲವೊಮ್ಮೆ ಫೋನ್ ನಂಬರೂ ಸೇರಿಕೊಂಡಿರುತ್ತದೆ. ಹಂಚುವ ಮೊದಲು ನೋಡಿ. ಹಾಗೆಯೇ ಇನ್ನೊಬ್ಬರ ಬರಹ ಉಳಿಸಿಕೊಳ್ಳುವುದು ಬೇರೆ, ಅವರನ್ನು ಕೇಳದೆ ನಿಮ್ಮ ಹೆಸರಿನಲ್ಲಿ ಹಾಕುವುದು ಬೇರೆ. ಎರಡನೆಯದು ಕಳ್ಳತನ. ಕನ್ನಡದ ಹೆಸರಿನಲ್ಲಿ ಮಾಡಿದರೂ ಕಳ್ಳತನವೇ.

ಕೊನೆಯ ಮಾತು. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಇಂಥ ಒಬ್ಬರು ಮೇಷ್ಟ್ರು ಇದ್ದೇ ಇರುತ್ತಾರೆ. ಅಜ್ಜಿಯ ಅಡುಗೆ ಬರೆಯುವ ಚಿಕ್ಕಮ್ಮ, ಊರ ದೇವರ ಕತೆ ಬರೆಯುವ ಮಾವ, ಹಕ್ಕಿಗಳ ಹೆಸರು ಬರೆಯುವ ಗುಮಾಸ್ತರು. ಅವರ ಪುಟಗಳು ಇವತ್ತು ಪರದೆಯ ಮೇಲೆ ಇವೆ. ಈ ಭಾನುವಾರ ಅವರ ಮನೆಗೆ ಹೋಗಿ. "ನಿಮ್ಮ ಬರಹ ಉಳಿಸಿಕೊಡ್ತೀನಿ" ಎಂದು ಹೇಳಿ. ಅವರು ಕಾಫಿ ಕಾಯಿಸಿ ತರುವಷ್ಟರಲ್ಲಿ ಹತ್ತು ಪುಟ ಉಳಿಸಬಹುದು. ಫೋಲ್ಡರಿನಲ್ಲಿ ಕಾಣುವ ಚೂರುಪಾರು ಕಸವೆಂದು ಬಿಡಬೇಡಿ. ವೈಫೈ ಆರಿಸಿ, ತೆರೆದು, ಅವರಿಗೇ ತೋರಿಸಿ ಬನ್ನಿ.



ಸಿರಿಗನ್ನಡಂ ಗೆಲ್ಗೆ!